ಗಡಸು ನೀರನ್ನು ಮೆದುಮಾಡುವ ಯಂತ್ರವೂ ಅದು ಹೊರಬಿಡುವ ಉಪ್ಪುನೀರೂ

ಅನೇಕ ಕಡೆಗಳಲ್ಲಿ ಕೊಳವೆ ಬಾವಿಯ ನೀರು ಗಡಸಾಗಿರುವುದು. ಇಂತಹ ನೀರಿನಲ್ಲಿ ಸಾಬೂನು ನೊರೆಗಟ್ಟುವುದಿಲ್ಲ. ಬೇಳೆಯು ಬೇಗನೆ ಬೇಯುವುದಿಲ್ಲ. ಹಂಡೆಯ ಒಳಗೆ ಬಿಳಿಯ ಹಕ್ಕಳೆ ಕಟ್ಟುವುದು. ಇದರ ನಿವಾರಣೆಗಾಗಿ ಮನೆಯಲ್ಲಿ ನೀರನ್ನು ಮೆದುಮಾಡುವ ಯಂತ್ರವನ್ನು ಇಡುವವರುಂಟು. ಯಂತ್ರವು ಮನೆಗೆ ಉಪಕಾರಿಯೇ ಸರಿ. ಆದರೆ ಅದು ಹೊರಬಿಡುವ ನೀರು ಜಮೀನಿಗೆ ಅಪಕಾರಿಯಾದುದರಿಂದ ಜಮೀನುದಾರರು ಅದರ ಕ್ರಮವನ್ನು ಅರಿತಿರುವುದು ಅವಶ್ಯಕ.

ಮೂಲತತ್ವ.— ಈ ತತ್ವವು ಮೊದಲು ತಿಳಿದುಬಂದುದು ಹೊಲದ ಮಣ್ಣಿನಿಂದಲೇ. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಜಮೀನುದಾರರಾದ ಎಚ್. ಎಸ್. ಥಾಂಪ್ಸನ್ನರು ಅಮೋನಿಯಂ ಸಲ್ಫೇಟ್ ಕರಗಿಸಿದ ನೀರನ್ನು ಮಣ್ಣಿನ ಮೂಲಕ ಇಳಿಯಬಿಟ್ಟರು. ಅಮೋನಿಯವು ಮಣ್ಣಿನಲ್ಲಿಯೇ ನಿಂತು, ಕೆಳಗೆ ಜಿಪ್ಸಂ ಕರಗಿದ ನೀರು ಹೊರಬಂದಿತು. ರಸಾಯನ ಶಾಸ್ತ್ರಜ್ಞರಾದ ಜೆ. ಟಿ. ವೇ ಎಂಬವರು ಈ ವಿಷಯವನ್ನು ಪರೀಕ್ಷಿಸಿ ೧೮೫೦ರಲ್ಲಿ ಪ್ರಕಟಿಸಿದರು. ಒಂದನ್ನು ಹಿಡಿದು ಮತ್ತೊಂದನ್ನು ಬಿಟ್ಟುಕೊಡುವ ಈ ವಿನಿಮಯವೇ ಯಂತ್ರದಲ್ಲಿಯೂ ನಡೆಯುವುದು.

ಯಂತ್ರದ ಕೆಲಸ.— ಯಂತ್ರದ ಕೊಳವೆಯಾಕಾರದ ಪಾತ್ರೆಯಲ್ಲಿ ಮಣ್ಣಿಗೆ ಬದಲಾಗಿ ರಾಗಿಕಾಳಿಗಿಂತ ಸಣ್ಣದಾದ ಕೃತಕ ರಾಳದ ಮಣಿಗಳಿರುವುವು. ಇವು ಸೋಡಿಯಮನ್ನು ಹಿಡಿದುಕೊಂಡಿರುವುವು. ಗಡಸು ನೀರು ಹಾದುಹೋಗುವಾಗ ಅದರ ಗಡಸಿಗೆ ಕಾರಣವಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಒಂದೊಂದು ಕಣವನ್ನು ಹಿಡಿದು, ಅದಕ್ಕೆ ಪ್ರತಿಯಾಗಿ ಎರಡೆರಡು ಸೋಡಿಯಂ ಕಣಗಳನ್ನು ನೀರಿಗೆ ಬಿಡುವುವು. ಕೆಲವು ದಿನಗಳಲ್ಲಿ ಸೋಡಿಯಂ ತೀರಿ, ಮಣಿಗಳು ನಿರುಪಯುಕ್ತವಾಗುವುವು.

ಮಣಿಗಳು ಮರಳಿ ಶಕ್ತಿ ಪಡೆಯುವ ಬಗೆ.— ಮಣಿಗಳಿಗೆ ಸೋಡಿಯಂಗಿಂತಲೂ ಕ್ಯಾಲ್ಸಿಯಂ ಮೇಲೆಯೇ ಹಿಡಿತ ಹೆಚ್ಚು. ಆದರೂ ಬಲವಾದ ಉಪ್ಪುನೀರನ್ನು ಹಾಯಿಸಿದರೆ ಸೋಡಿಯಂ ತನ್ನ ಸಂಖ್ಯಾಬಲದಿಂದ ಕ್ಯಾಲ್ಸಿಯಮನ್ನು ಹೊರದೂಡುವುದು. ಗಡಿಯಾರವಾಗಲಿ ನೀರಳೆಯುವ ಮೀಟರಾಗಲಿ ಸೂಚಿಸಿದಾಗ, ಸಾಮಾನ್ಯವಾಗಿ ರಾತ್ರಿಯಲ್ಲಿ, ಯಂತ್ರವು ತಾನಾಗಿಯೇ ಈ ಕೆಲಸವನ್ನು ನಡೆಸುವುದು. ಅದರ ಕ್ರಮವು ಹೀಗಿದೆ:

(೧) ನೀರು ಕೆಳಗಿನಿಂದ ಮೇಲಕ್ಕೆ ನುಗ್ಗಿ, ಮಣಿಗಳನ್ನು ಸಡಿಲಿಸಿ, ಕಸವನ್ನು ಹೊರಹಾಕುವುದು.
(೨) ಪಕ್ಕದ ಉಪ್ಪಿನ ತೊಟ್ಟಿಯಿಂದ ಉಪ್ಪುನೀರು ಮಣಿಗಳ ಮೂಲಕ ನಿಧಾನವಾಗಿ ಹರಿಯುವುದು. ಮುಖ್ಯ ಕಾರ್ಯವು ಇದೇ ಆದುದರಿಂದ ಹೆಚ್ಚು ಹೊತ್ತು ಹಿಡಿಯುವುದು.
(೩) ಉಳಿದ ಉಪ್ಪನ್ನು ಶುದ್ಧ ನೀರು ತೊಳೆದುಬಿಡುವುದು.
(೪) ಮುಂದಿನ ಸಲಕ್ಕಾಗಿ ಉಪ್ಪಿನ ತೊಟ್ಟಿಗೆ ನೀರು ತುಂಬುವುದು.

ಉಪ್ಪಿನ ಲೆಕ್ಕ.— ೨೮ ಲೀಟರು ಮಣಿಗಳುಳ್ಳ ಯಂತ್ರಕ್ಕೆ ಪ್ರತಿ ಸಲವೂ ೬.೮ ಕಿಲೋ ಉಪ್ಪು ಹಾಕಿದರೆ ಸುಮಾರು ೧,೯೪೦ ಗ್ರಾಂ ಗಡಸು ನೀಗುವುದು; ೨.೭ ಕಿಲೋ ಹಾಕಿದರೆ ಸುಮಾರು ೧,೩೦೦ ಗ್ರಾಂ ನೀಗುವುದು. ಆದಕಾರಣ ಸ್ವಲ್ಪ ಉಪ್ಪನ್ನು ಮೇಲಿಂದ ಮೇಲೆ ಉಪಯೋಗಿಸುವುದೇ ಲಾಭಕರ. ಲೀಟರಿಗೆ ೪೦೦ ಮಿಲಿಗ್ರಾಂ ಗಡಸುಳ್ಳ ನೀರನ್ನು ದಿನಕ್ಕೆ ೮೦೦ ಲೀಟರಿನಂತೆ ಬಳಸುವ ಮನೆಯಲ್ಲಿ, ಕಡಮೆ ಉಪ್ಪಿನ ಈ ಕ್ರಮದಿಂದಲೂ ವರ್ಷಕ್ಕೆ ಸುಮಾರು ೯೦ ಸಲ ಮಣಿಗಳನ್ನು ತೊಳೆಯಬೇಕಾಗುವುದು. ಇದಕ್ಕೆ ತಗಲುವ ಉಪ್ಪು ಸುಮಾರು ೨೪೦ ಕಿಲೋ.

ಜಮೀನಿಗೆ ಆಗುವ ಕೇಡು.— ಮಣಿಗಳನ್ನು ತೊಳೆದ ನೀರನ್ನು ಹಿತ್ತಲಿಗೆ ಬಿಟ್ಟರೆ ಗಿಡಗಳು ಬಾಡುವುವು; ಬಾವಿಯ ಬಳಿ ಇಂಗಿದರೆ ಬಾವಿಯ ನೀರೂ ಉಪ್ಪಾಗುವುದು. ಮೆದುವಾದ ನೀರು ಸಹ ಬೇಸಾಯಕ್ಕೆ ಯೋಗ್ಯವಲ್ಲ. ಮೇಲೆ ಹೇಳಿದ ಗಡಸಿನ ನೀರು ಮೆದುವಾದಾಗ ಲೀಟರಿಗೆ ಸುಮಾರು ೧೮೪ ಮಿಲಿಗ್ರಾಂ ಸೋಡಿಯಂ ಸೇರಿರುವುದು. ಕ್ಯಾಲ್ಸಿಯಂ ಜೇಡಿಯ ಕಣಗಳನ್ನು ಹರಳುಗಟ್ಟಿಸಿ ಮಣ್ಣನ್ನು ಸಡಿಲವಾಗಿಡುವುದು; ಸೋಡಿಯಮಾದರೋ ಅವನ್ನು ಬಿಡಿಸಿ, ಒದ್ದೆಯಾದಾಗ ಕೆಸರಾಗಿಯೂ ಒಣಗಿದಾಗ ಕಲ್ಲಿನಂತೆಯೂ ಮಾಡುವುದು. ಎರೆಭೂಮಿಯಲ್ಲಿ ಈ ಕೇಡು ಅಧಿಕ. ಹೀಗೆ ಕೆಟ್ಟ ನೆಲಕ್ಕೆ ಜಿಪ್ಸಂ ಹಾಕಿ, ಒಳ್ಳೆಯ ನೀರಿನಿಂದ ಇಂಗಿಸಿ ಬಸಿಯಬೇಕಾಗುವುದು. ಅದು ವೆಚ್ಚದ ಕೆಲಸ.

ಮಾಡತಕ್ಕ ಏರ್ಪಾಡು.— ಸ್ನಾನ, ಬಟ್ಟೆ ಒಗೆತ, ನೀರು ಕಾಯಿಸುವಿಕೆ ಇವುಗಳಿಗೆ ಮಾತ್ರ ಮೆದು ನೀರನ್ನು ಒದಗಿಸತಕ್ಕದ್ದು. ತೋಟಕ್ಕೂ ದನಕರುಗಳ ತೊಟ್ಟಿಗೂ ಹೋಗುವ ಕೊಳಾಯಿಯನ್ನು ಯಂತ್ರಕ್ಕೆ ಮೊದಲೇ ಕವಲೊಡೆಸತಕ್ಕದ್ದು. ನೀರಿನ ಗಡಸನ್ನು ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕಷ್ಟೇ ಉಪ್ಪನ್ನು ಗೊತ್ತುಮಾಡತಕ್ಕದ್ದು. ಒಳಚರಂಡಿಯಿಲ್ಲದ ಗ್ರಾಮಗಳಲ್ಲಿ ಉಪ್ಪುನೀರನ್ನು ಗಾರೆ ಬಳಿದ ಅಗಲವಾದ ತೊಟ್ಟಿಯಲ್ಲಿ ನಿಲ್ಲಿಸಿ ಬಿಸಿಲಿಗೆ ಆರಿಸುವುದು ಲೇಸು. ಕೆರೆ, ಕಾಲುವೆ, ಕುಡಿಯುವ ನೀರಿನ ಬಾವಿಗಳ ಕಡೆಗೆ ಅದು ಹರಿಯದಂತೆ ಗ್ರಾಮದ ಮುಖ್ಯಸ್ಥರು ನೋಡಿಕೊಂಡರೆ, ಒಂದು ಮನೆಯ ಅನುಕೂಲಕ್ಕಾಗಿ ನೆರೆಯ ಹೊಲವು ಕೆಡುವುದು ತಪ್ಪುವುದು.