ಹೊಳಪು ಆರಿದ ಕಾರಣ ಹುಡುಕುತ್ತಾ

ಅತಿನೇರಳೆ ದೀಪದ ಕೆಳಗೆ ನೀಲಿಯಾಗಿ ಹೊಳೆಯುವ ಪಾಲಿಮರ್ ದ್ರಾವಣಕ್ಕೆ ತಾಮ್ರದ ಲವಣದ ದ್ರಾವಣ ಒಂದು ಹನಿ ಬಿದ್ದರೆ ಸಾಕು, ಹೊಳಪು ಆರಿಹೋಗುತ್ತದೆ. ಲೋಹ ಪತ್ತೆಹಚ್ಚುವ ಪಾಲಿಮರ್ ಸಿದ್ಧವಾಯಿತೆಂದು ಹೊಸ ಸಂಶೋಧಕರಿಗೆ ಅನಿಸುವುದು ಆಗಲೇ. ಆದರೆ ಅದು ಯಾಕೆ ಆರಿತು ಎಂದು ಖಚಿತಪಡಿಸಿಕೊಳ್ಳುವುದೇ ಈ ವಿದ್ಯೆಯ ಬಹುಪಾಲು ಎಂದು ನನಗೆ ಅನುಭವ ಕಲಿಸಿದೆ.

ಪಾಲಿಮರ್‌ನ ಶಕ್ತಿಯನ್ನು 1995ರಲ್ಲಿ ತೋರಿಸಿಕೊಟ್ಟವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಟಿಮೊಥಿ ಸ್ವಾಗರ್. ಏಕಬಂಧ, ಬಹುಬಂಧಗಳು ಒಂದಾದ ಮೇಲೊಂದು ಬರುವ ಸರಪಳಿಯಲ್ಲಿ ಬೆಳಕಿನಿಂದ ಬಂದ ಶಕ್ತಿ ಒಂದೆಡೆ ನಿಲ್ಲದೆ ಅಲೆದಾಡುತ್ತದೆ. ಅದರ ದಾರಿಯಲ್ಲಿ ಒಂದೇ ಒಂದು ಅತಿಥಿ ಅಣು ಕುಳಿತಿದ್ದರೂ ಹಬ್ಬದ ಸೀರಿಯಲ್ ಸೆಟ್‌ನಂತೆ ಇಡೀ ಸಾಲು ಮಂಕಾಗಬಹುದು. ಅವರು ಹಿಡಿದದ್ದು ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು. ಲೋಹಗಳಿಗಾಗಿ ಬೈಪಿರಿಡೀನ್ ಸೇರಿಸಿದ ಪಾಲಿಮರನ್ನು 1997ರಲ್ಲಿ ವಾಂಗ್ ಮತ್ತು ವಾಸಿಲೆವ್ಸ್ಕಿ ಪ್ರಕಟಿಸಿದರು. ಬೈಪಿರಿಡೀನ್‌ನ ತುಸು ತಿರುಚಿಕೊಂಡಿದ್ದ ಎರಡು ಉಂಗುರಗಳು ಲೋಹ ಬಂದಾಗ ಸಮತಟ್ಟಾಗುತ್ತವೆ, ಬಣ್ಣವೂ ಬದಲಾಗುತ್ತದೆ.

ಸಮಸ್ಯೆ ಆಯ್ಕೆಯದ್ದು. ಸಾರಜನಕವಿರುವ ಗ್ರಾಹಕಗಳು, ಅಂದರೆ ಲೋಹವನ್ನು ಹಿಡಿಯುವ ಭಾಗಗಳು, ಸಾಮಾನ್ಯವಾಗಿ ಸತುವಿಗಿಂತ, ನಿಕ್ಕಲ್‌ಗಿಂತ ತಾಮ್ರವನ್ನೇ ಬಿಗಿಯಾಗಿ ಹಿಡಿಯುತ್ತವೆ. ಇರ್ವಿಂಗ್ ಮತ್ತು ವಿಲಿಯಮ್ಸ್ ಗುರುತಿಸಿದ ಕ್ರಮ ಇದು. ಪಾದರಸಕ್ಕೆ ಗಂಧಕ ಇಷ್ಟ. ಗ್ರಾಹಕವನ್ನು ಕಾಗದದ ಮೇಲೆ ಬರೆಯುವಾಗಲೇ ಇದನ್ನು ಯೋಚಿಸಿರಬೇಕು.

ಕಬ್ಬಿಣದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಫೆರಿಕ್ ಅಯಾನು ಅತಿನೇರಳೆ ಬೆಳಕನ್ನು ತಾನೇ ಹೀರುತ್ತದೆ. ಪಾಲಿಮರ್‌ಗೆ ಬೆಳಕು ತಲುಪದಿದ್ದರೆ ಹೊಳಪು ಎಲ್ಲಿಂದ ಬರಬೇಕು? ಕಬ್ಬಿಣದ ದ್ರಾವಣವನ್ನು ಬೆರೆಸದೆ, ಬೇರೆ ಕ್ಯುವೆಟ್‌ನಲ್ಲಿ ದೀಪದ ದಾರಿಗೆ ಅಡ್ಡ ಇಟ್ಟು ನೋಡುವುದು ನನ್ನ ಮೆಚ್ಚಿನ ಪರೀಕ್ಷೆ. ಆಗಲೂ ಹೊಳಪು ಅಷ್ಟೇ ಇಳಿದರೆ, ಅಲ್ಲಿ ನಡೆದದ್ದು ಗುರುತಿಸುವಿಕೆಯಲ್ಲ, ಬರೀ ಮರೆಮಾಡುವಿಕೆ. ಇಷ್ಟು ಸರಳ ಪರೀಕ್ಷೆಯಿಲ್ಲದೆ ಫೆರಿಕ್ ಸಂವೇದಕ ಎಂಬ ಹೆಸರು ಕೊಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ಶುದ್ಧೀಕರಣ. ಸೊನೊಗಾಶಿರ ವಿಧಾನದಲ್ಲಿ ಸರಪಳಿ ಬೆಸೆಯಲು ಪಲ್ಲೇಡಿಯಂ ಜೊತೆಗೆ ಸಾಮಾನ್ಯವಾಗಿ ತಾಮ್ರವನ್ನೂ ಬಳಸುತ್ತಾರೆ. ತಾಮ್ರ ಹುಡುಕಬೇಕಾದ ಪಾಲಿಮರ್‌ನೊಳಗೆ ಹುಟ್ಟಿನಿಂದಲೇ ತಾಮ್ರ ಅವಿತಿರಬಹುದು. ಲೋಹವನ್ನು ಕಚ್ಚಿಕೊಳ್ಳುವ ಡೈಥಯೋಕಾರ್ಬಮೇಟ್ ದ್ರಾವಣದಲ್ಲಿ ತೊಳೆದು, ಉಳಿಕೆಯನ್ನು ಅಳೆದ ಮೇಲೆಯೇ ಮುಂದಿನ ಮಾತು.

ಕೊನೆಗೆ ನಲ್ಲಿ ನೀರು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಪಾದರಸ ಲೀಟರಿಗೆ 0.001 ಮಿಲಿಗ್ರಾಂ ಮೀರಬಾರದು. ಕ್ಯಾಲ್ಸಿಯಂ 75 ಮಿಲಿಗ್ರಾಂವರೆಗೆ ಇರಬಹುದು. ಅಂದರೆ ಪಾದರಸದ ಒಂದು ಅಯಾನನ್ನು 3.5 ಲಕ್ಷಕ್ಕೂ ಹೆಚ್ಚು ಕ್ಯಾಲ್ಸಿಯಂ ಅಯಾನುಗಳ ನಡುವೆ ಹುಡುಕಬೇಕು. ಕಾರ್ಬಾಕ್ಸಿಲೇಟ್ ಇರುವ ಸರಪಳಿಗಳು ಕ್ಯಾಲ್ಸಿಯಂ ಕಂಡರೂ ಒಂದಕ್ಕೊಂದು ಅಂಟಿಕೊಂಡು ಮಂಕಾಗಬಹುದು. ಹಾಗಾಗಿ ನಮ್ಮಲ್ಲಿ ಹೊಸ ಪಾಲಿಮರ್ ಕೈಗೆ ಬಂದ ದಿನವೇ, ಪಾದರಸದ ಸೀಸೆ ತೆರೆಯುವ ಮೊದಲು, ಬರಿಯ ನಲ್ಲಿ ನೀರಿನಲ್ಲಿ ಅದರ ಹೊಳಪನ್ನು ಅಳೆಯುತ್ತೇವೆ.