ಕಾನೂನು ವಿದ್ಯಾರ್ಥಿಗಳ ರಜಾಕಾಲದ ತರಬೇತಿ ಮತ್ತು ಶಿಷ್ಯವೇತನ: ಗ್ರಾಮ ಪಂಚಾಯತ್ ಸದಸ್ಯರ ಅಧ್ಯಯನಕ್ಕಾಗಿ



ಕಳೆದ ಬೇಸಿಗೆಯಲ್ಲಿ ನಮ್ಮ ಪಂಚಾಯತ್ ಕಚೇರಿಗೆ ಗ್ರಾಮದ ಕಾನೂನು ವಿದ್ಯಾರ್ಥಿನಿಯೊಬ್ಬರು ಬಂದಿದ್ದರು. ಬೀಡಿ ಕಟ್ಟುವ ತಾಯಿಯ ಭವಿಷ್ಯನಿಧಿ ಖಾತೆಯಲ್ಲಿ ಹೆಸರು ತಪ್ಪಾಗಿ ದಾಖಲಾಗಿತ್ತು. ಅದನ್ನು ಸರಿಪಡಿಸಲು ಬೇಕಾದ ಅರ್ಜಿಯನ್ನು ತಾವೇ ಬರೆದು ತಂದಿದ್ದರು. ಕಚೇರಿಯಲ್ಲಿ ನಾವು ಬರೆಯುವ ಅರ್ಜಿಗಿಂತ ಅದು ಚೆನ್ನಾಗಿತ್ತೆಂದು ಒಪ್ಪಿಕೊಳ್ಳಲೇಬೇಕು. ವಿಚಾರಿಸಿದಾಗ, ಮಂಗಳೂರಿನಲ್ಲಿ ಬಡವರಿಗೆ ಕಾನೂನು ನೆರವು ನೀಡುವ ಸಂಸ್ಥೆಯೊಂದರಲ್ಲಿ ನಾಲ್ಕು ವಾರಗಳ ತರಬೇತಿಗೆ ಸೇರಿ, ಎರಡನೆಯ ವಾರದಲ್ಲೇ ಬಿಟ್ಟು, ಮದುವೆ ಹಾಲ್‌ಗಳಲ್ಲಿ ಊಟ ಬಡಿಸುವ ಕೆಲಸಕ್ಕೆ ಹೋಗುತ್ತಿರುವುದಾಗಿ ತಿಳಿಸಿದರು. "ಕೆಲಸ ಇಷ್ಟವಾಗಿತ್ತು ಸರ್, ಆದರೆ ಬಸ್ಸಿಗೆ ದಿನಾ ಮನೆಯಲ್ಲಿ ಕೇಳುವುದು ಹೇಗೆ?" ಎಂದರು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆ ಬಳಿಕ ನಿಯಮಗಳನ್ನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಸದಸ್ಯರ ಮುಂದಿಡುತ್ತಿದ್ದೇನೆ.

ನಿಯಮ ಏನು ಹೇಳುತ್ತದೆ

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ 25ನೇ ನಿಯಮದಂತೆ ಮೂರು ವರ್ಷದ ಪದವಿಯ ವಿದ್ಯಾರ್ಥಿಗಳು ಕನಿಷ್ಠ 12 ವಾರ, ಐದು ವರ್ಷದ ಪದವಿಯವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಪೂರೈಸತಕ್ಕದ್ದು. ಒಂದು ವರ್ಷದಲ್ಲಿ ನಿರಂತರವಾಗಿ ನಾಲ್ಕು ವಾರಗಳಿಗಿಂತ ಹೆಚ್ಚು ಮಾಡುವಂತಿಲ್ಲ. ಎಲ್ಲಿ ಮಾಡಬಹುದೆಂಬ ಪಟ್ಟಿಯಲ್ಲಿ ವಕೀಲರು, ನ್ಯಾಯಾಂಗ, ಸರಕಾರೇತರ ಸಂಸ್ಥೆಗಳು, ಕಂಪನಿಗಳು ಇವೆಲ್ಲವೂ ಇವೆ. ನಮ್ಮಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಹೆಸರೂ ಅಲ್ಲಿದೆ: ಸ್ಥಳೀಯ ಸ್ವಯಂ ಆಡಳಿತ ಸಂಸ್ಥೆ. ಎಂದರೆ ಗ್ರಾಮ ಪಂಚಾಯತ್ ಸಹ ಕಾನೂನು ವಿದ್ಯಾರ್ಥಿಯನ್ನು ತರಬೇತಿಗೆ ತೆಗೆದುಕೊಳ್ಳಬಹುದಾದ ಸ್ಥಳವೇ ಆಗಿದೆ. ಆದರೆ ವಿದ್ಯಾರ್ಥಿಯು ವ್ಯಾಸಂಗದ ಅವಧಿಯಲ್ಲಿ ಒಮ್ಮೆಯಾದರೂ ವಕೀಲರ ಬಳಿ ತರಬೇತಿ ಪಡೆಯಲೇಬೇಕಾದ್ದರಿಂದ ಎಲ್ಲ ವಾರಗಳನ್ನೂ ಪಂಚಾಯತಿನಲ್ಲಿ ಕಳೆಯಲಾಗದು.

ನಿಯಮವು ವಾರಗಳನ್ನು ಕಡ್ಡಾಯಗೊಳಿಸಿದೆ, ಭತ್ಯೆಯನ್ನು ಕಡ್ಡಾಯಗೊಳಿಸಿಲ್ಲ. ನಾನು ಎಂಜಿನಿಯರಿಂಗ್ ಓದಿದವನು. ನಮ್ಮ ಕ್ಷೇತ್ರದಲ್ಲಿ 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಪಡೆಯುವವರಿಗೆ ಮಾಸಿಕ ಶಿಷ್ಯವೇತನ ಕೊಡಲೇಬೇಕು. ಕಾನೂನು ವಿದ್ಯಾರ್ಥಿಗೆ ಅಂತಹ ರಕ್ಷಣೆಯಿಲ್ಲ. ದೊಡ್ಡ ಕಂಪನಿಗಳು ಸ್ವಇಚ್ಛೆಯಿಂದ ಹಣ ಕೊಟ್ಟಾವು. ಆದರೆ ಬಡವರ ವ್ಯಾಜ್ಯ ನೋಡುವ ಕಡೆಗಳಲ್ಲಿ ಕೊಡಲು ಹಣವಿರುವುದು ಅಪರೂಪ. ಹೀಗಾಗಿ ಸಾರ್ವಜನಿಕ ಹಿತಾಸಕ್ತಿಯ ಕೆಲಸ ಕಲಿಯುವ ಅವಕಾಶ, ಮನೆಯಿಂದ ಖರ್ಚು ತರಬಲ್ಲವರಿಗೇ ಸೀಮಿತವಾಗುತ್ತಿದೆ. ಬಡತನವನ್ನು ಕಂಡವರು ಆ ಕೆಲಸದಿಂದ ದೂರ ಉಳಿಯುತ್ತಾರೆ.

ಖರ್ಚಿನ ಲೆಕ್ಕ

ಬೆಳ್ತಂಗಡಿ ಅಥವಾ ಸುಳ್ಯ ಕಡೆಯಿಂದ ಮಂಗಳೂರಿಗೆ ಹೋಗಿಬರುವ ವಿದ್ಯಾರ್ಥಿಗೆ ಬಸ್ಸು ಮತ್ತು ಊಟಕ್ಕೆ ದಿನಕ್ಕೆ 250 ರೂಪಾಯಿ ಎಂದಿಟ್ಟುಕೊಳ್ಳೋಣ. ವಾರಕ್ಕೆ ಆರು ದಿನದಂತೆ ನಾಲ್ಕು ವಾರಕ್ಕೆ 24 ದಿನ. ಒಟ್ಟು 6,000 ರೂಪಾಯಿ. ಆ ಅವಧಿಯಲ್ಲಿ ದುಡಿದು ತರಬಹುದಾಗಿದ್ದ ಕೂಲಿಯ ನಷ್ಟವನ್ನು ಇದಕ್ಕೆ ಸೇರಿಸಿಲ್ಲ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ಯೋಜನೆಯಲ್ಲಿ ಕಾನೂನು ಪದವಿಗೆ ವಾರ್ಷಿಕವಾಗಿ ಹುಡುಗರಿಗೆ 7,500, ಹುಡುಗಿಯರಿಗೆ 8,000 ರೂಪಾಯಿ ನಿಗದಿಯಾಗಿತ್ತು. ಒಂದು ತಿಂಗಳ ತರಬೇತಿಗೇ ಅದರ ಬಹುಪಾಲು ಮುಗಿಯುತ್ತದೆ. ಪುಸ್ತಕ, ಶುಲ್ಕ ಉಳಿದೇ ಇರುತ್ತವೆ.

ಉಡುಪಿನ ವಿಷಯವನ್ನೂ ಹೇಳಬೇಕು. ತರಬೇತಿಯಲ್ಲಿ ಕಪ್ಪು ಕೋಟು ಇತ್ಯಾದಿ ಧರಿಸಬೇಕೆಂಬ ನಿಯಮವಿದೆ. ಆದರೆ ಪೂರ್ಣ ಉಡುಪು ಹೊಂದಿಸಿಕೊಳ್ಳಲಾಗದವರು ಬಿಳಿ ಪ್ಯಾಂಟು, ತುಂಬುತೋಳಿನ ಅಂಗಿ, ಮುಚ್ಚಿದ ಶೂ ಧರಿಸಿದರೆ ಸಾಕೆಂದು ಅದೇ ನಿಯಮ ಹೇಳುತ್ತದೆ. ಇದು ತಿಳಿಯದೆ ಕೋಟಿಗಾಗಿ ಸಾಲ ಮಾಡುವವರು ಇರಬಹುದು. ಅಂಥವರು ನಿಮ್ಮ ವಾರ್ಡಿನಲ್ಲಿದ್ದರೆ ದಯವಿಟ್ಟು ತಿಳಿಸಿರಿ.

ಸಮಾಜ ಕಲ್ಯಾಣ ಇಲಾಖೆ ಹಾಗೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ಕಾನೂನು ಪದವೀಧರರಿಗೆ ವಕೀಲರ ಬಳಿ ತರಬೇತಿ ಪಡೆಯುವಾಗ ಶಿಷ್ಯವೇತನ ನೀಡುವುದು ಹಲವು ಸದಸ್ಯರಿಗೆ ಗೊತ್ತಿದೆ. ಅದು ಪದವಿ ಮುಗಿಸಿದವರಿಗೆ. ಓದುತ್ತಿರುವಾಗಿನ ರಜೆಯ ತರಬೇತಿಗೆ ಅನ್ವಯಿಸುವುದಿಲ್ಲ. ಇವೆರಡನ್ನೂ ಒಂದೆಂದು ತಿಳಿದು ಮಕ್ಕಳನ್ನು ಇಲಾಖೆಗೆ ಅಲೆದಾಡಿಸಬಾರದು. ಹಿಂದುಳಿದ ಹಿನ್ನೆಲೆಯ ಕಾನೂನು ವಿದ್ಯಾರ್ಥಿಗಳಿಗೆ ನೆರವಾಗುವ ಖಾಸಗಿ ಪ್ರಯತ್ನಗಳಲ್ಲಿ, ಪ್ರೊ. ಶಾಮನಾದ್ ಬಶೀರ್ ಅವರು 2010ರಲ್ಲಿ ಆರಂಭಿಸಿದ ಐಡಿಯಾ ಸಂಸ್ಥೆ ಹೆಸರಾದುದು. ಅಮೆರಿಕದ ಹಾರ್ವರ್ಡ್‌ನಂತಹ ಕಾನೂನು ಶಾಲೆಗಳಲ್ಲಿ, ಬೇಸಿಗೆಯಲ್ಲಿ ಸಂಬಳವಿಲ್ಲದ ಸಾರ್ವಜನಿಕ ಹಿತದ ಕೆಲಸಕ್ಕೆ ಹೋಗುವ ವಿದ್ಯಾರ್ಥಿಗೆ ಶಾಲೆಯೇ ವೆಚ್ಚ ಭರಿಸುವ ಪದ್ಧತಿಯಿದೆ.

ಪಂಚಾಯತ್ ಏನು ಮಾಡಬಹುದು

ಮೊದಲನೆಯದಾಗಿ, ಕೆಲಸ ಕೊಡಬಹುದು. ಮಂಗಳೂರಿನ ಕೊಡಿಯಾಲಬೈಲಿನ ಎಸ್‌ಡಿಎಂ ಕಾನೂನು ಕಾಲೇಜು, ಪುತ್ತೂರು ಮತ್ತು ಸುಳ್ಯದ ಕಾನೂನು ಕಾಲೇಜುಗಳು ನಮಗೆ ದೂರವಿಲ್ಲ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2011ರ ಕಾನೂನು ಸೇವಾ ಕೇಂದ್ರಗಳ ವಿನಿಯಮಗಳು ಕಾನೂನು ವಿದ್ಯಾರ್ಥಿಗಳು ಗ್ರಾಮವನ್ನು ದತ್ತು ತೆಗೆದುಕೊಂಡು ಕೆಲಸ ಮಾಡಲು ಅವಕಾಶ ಕಲ್ಪಿಸಿವೆ. ಊರಿನ ವಿದ್ಯಾರ್ಥಿ ಊರಿನಲ್ಲೇ ನಾಲ್ಕು ವಾರ ಕೆಲಸ ಮಾಡಿದರೆ ಬಸ್ಸಿನ ಖರ್ಚಿನ ಬಹುಭಾಗ ಉಳಿಯುತ್ತದೆ.

ಕೆಲಸಕ್ಕೇನೂ ಕೊರತೆಯಿಲ್ಲ. 2006ರ ಅರಣ್ಯ ಹಕ್ಕುಗಳ ಕಾಯ್ದೆಯಡಿ ಗ್ರಾಮ ಸಭೆಯ ನಿರ್ಣಯದಿಂದ ಬಾಧಿತರಾದವರು ಉಪವಿಭಾಗ ಮಟ್ಟದ ಸಮಿತಿಗೆ 60 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಆ ಸಮಿತಿಯ ತೀರ್ಮಾನದ ವಿರುದ್ಧ ಜಿಲ್ಲಾ ಸಮಿತಿಗೂ 60 ದಿನ. ದಿನ ಎಣಿಸಿ ನೆನಪಿಸುವವರಿಲ್ಲದೆ ಹಕ್ಕು ಕೈತಪ್ಪುವುದುಂಟು. ಎಂಡೋಸಲ್ಫಾನ್ ಅನ್ನು ಸುಪ್ರೀಂ ಕೋರ್ಟ್ 2011ರ ಮೇ 13ರಂದು ನಿಷೇಧಿಸಿತಾದರೂ ಕೊಕ್ಕಡದಂತಹ ಊರುಗಳಲ್ಲಿ ಬಾಧಿತರ ಕುಟುಂಬಗಳ ಅಂಗವಿಕಲ ಗುರುತಿನ ಚೀಟಿ, ಮಾಸಾಶನದ ಕಾಗದಪತ್ರಗಳ ಕೆಲಸ ಮುಗಿದಿಲ್ಲ. ಕೊರಗ ಕುಟುಂಬಗಳ ದಾಖಲೆಗಳು, 94ಸಿ ಅರ್ಜಿಗಳು, ಬೀಡಿ ಕಾರ್ಮಿಕರ ಭವಿಷ್ಯನಿಧಿ ಇವೂ ಇವೆ. ಈ ಕೆಲಸವನ್ನು ನಮ್ಮ ಸಾಮಾಜಿಕ ನ್ಯಾಯ ಸಮಿತಿಯ ಮೇಲುಸ್ತುವಾರಿಗೆ ಒಪ್ಪಿಸುವುದು ಸೂಕ್ತವೆಂಬುದು ನನ್ನ ಅಭಿಪ್ರಾಯ. ಝೆರಾಕ್ಸ್ ತರಿಸಲು, ತೆರಿಗೆ ರಶೀದಿ ಬರೆಸಲು ವಿದ್ಯಾರ್ಥಿಯನ್ನು ಬಳಸುವುದಾದರೆ ತೆಗೆದುಕೊಳ್ಳದಿರುವುದೇ ಮೇಲು.

ಎಚ್ಚರಿಕೆಯೂ ಬೇಕು. 1961ರ ವಕೀಲರ ಕಾಯ್ದೆಯಂತೆ ವಕೀಲಿಕೆ ನಡೆಸುವ ಹಕ್ಕು ನೋಂದಾಯಿತ ವಕೀಲರಿಗೆ ಮಾತ್ರ. ವಿದ್ಯಾರ್ಥಿಯು ಅರ್ಜಿ ಬರೆದುಕೊಡಬಹುದು, ದಾಖಲೆ ಜೋಡಿಸಬಹುದು. ಪ್ರಕರಣ ಗೆಲ್ಲಿಸಿಕೊಡುವ ಭರವಸೆ ನೀಡಬಾರದು. ನ್ಯಾಯಾಲಯಕ್ಕೆ ಹೋಗಬೇಕಾದ ವಿಷಯವನ್ನು ತಾಲೂಕು ಕಾನೂನು ಸೇವಾ ಸಮಿತಿಗೆ ಕಳುಹಿಸಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಪ್ರಕರಣದಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಮನೆಮನೆಗೆ ಹೋದಾಗ ಕೇಳಿದ ಸಂಸಾರದ ಮಾತು ಕಚೇರಿಯ ಜಗಲಿಯಲ್ಲಿ ಚರ್ಚೆಯಾಗದಂತೆ ನಾವೂ ನೋಡಿಕೊಳ್ಳಬೇಕು.

ಇನ್ನು ಹಣ. ಸ್ವಂತ ಸಂಪನ್ಮೂಲದಲ್ಲಿ ಪರಿಶಿಷ್ಟರ ಕಲ್ಯಾಣಕ್ಕೆ ಮೀಸಲಿಡುವ ಶೇಕಡಾ 25ರ ನಿಧಿಯಿಂದ ವಿದ್ಯಾರ್ಥಿಗಳಿಗೆ ಪ್ರೋತ್ಸಾಹಧನ ನೀಡುವ ರೂಢಿ ಅನೇಕ ಪಂಚಾಯತ್‌ಗಳಲ್ಲಿದೆ. ಅರ್ಹ ಕಾನೂನು ವಿದ್ಯಾರ್ಥಿಯ ತರಬೇತಿ ವೆಚ್ಚವನ್ನು ಕ್ರಿಯಾಯೋಜನೆಯಲ್ಲಿ ಸೇರಿಸಿ, ಸಾಮಾನ್ಯ ಸಭೆಯ ನಿರ್ಣಯದೊಂದಿಗೆ ಮುಂದುವರಿಯಬಹುದು. ಮಾರ್ಗಸೂಚಿಯ ಬಗ್ಗೆ ಸಂದೇಹವಿದ್ದರೆ ಪಾವತಿಗೆ ಮೊದಲೇ ತಾಲೂಕು ಪಂಚಾಯತ್‌ನಿಂದ ಲಿಖಿತ ಸ್ಪಷ್ಟೀಕರಣ ಪಡೆಯಿರಿ, ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಉತ್ತರಿಸುವ ತಾಪತ್ರಯ ತಪ್ಪುತ್ತದೆ. ಇತರ ವಿದ್ಯಾರ್ಥಿಗಳಿಗೆ ಊರಿನ ಕೃಷಿ ಪತ್ತಿನ ಸಹಕಾರ ಸಂಘವನ್ನು ಕೇಳುವುದು ನೇರ ದಾರಿ. 6,000 ರೂಪಾಯಿ ಸಂಘಕ್ಕೆ ದೊಡ್ಡ ಮೊತ್ತವಲ್ಲ, ವಿದ್ಯಾರ್ಥಿಗೆ ದೊಡ್ಡದು. ಆಯ್ಕೆಯಾಗುವವರು ಸದಸ್ಯರ ಬಂಧುವಾಗಿದ್ದಲ್ಲಿ ಆ ಸದಸ್ಯರು ಚರ್ಚೆಯ ಹೊತ್ತಿಗೆ ಸಭೆಯಿಂದ ಹೊರಗಿರುವುದು ಒಳ್ಳೆಯದು.

ಆಯವ್ಯಯ ಮಾರ್ಚ್ ಒಳಗೆ ಸಿದ್ಧವಾಗುವುದರಿಂದ, ಕಾಲೇಜಿನ ಪ್ರಾಂಶುಪಾಲರಿಗೆ ಬರೆಯುವ ಪತ್ರ ಜನವರಿಯಲ್ಲೇ ಹೊರಡಬೇಕು. ಪತ್ರದಲ್ಲಿ ಕೆಲಸದ ಸ್ವರೂಪ, ವಾರಗಳ ಸಂಖ್ಯೆ, ಮೇಲುಸ್ತುವಾರಿ ಅಧಿಕಾರಿಯ ಹುದ್ದೆ, ದಿನಭತ್ಯೆಯ ಮೊತ್ತ ಇವನ್ನು ನಮೂದಿಸಿರಿ. ಭತ್ಯೆಯನ್ನು ತರಬೇತಿ ಮುಗಿದ ಮೇಲೆ ಒಟ್ಟಾಗಿ ಕೊಡುವ ಬದಲು ವಾರಕ್ಕೊಮ್ಮೆ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಜಮಾ ಮಾಡುವಂತೆ ನಿರ್ಣಯದಲ್ಲೇ ಬರೆಯಿಸಿರಿ. ಬಸ್ಸಿನ ಕಂಡಕ್ಟರ್ ತಿಂಗಳ ಕೊನೆಯವರೆಗೆ ಕಾಯುವುದಿಲ್ಲ.