ತಿಳಿನೀರಿನಲ್ಲಿ ಏನಿದೆ?

ನೀರು ತಿಳಿಯಾಗಿದೆ. ವಾಸನೆ ಇಲ್ಲ. ರುಚಿಯೂ ಚೆನ್ನಾಗಿದೆ. ಅಂದಮೇಲೆ ಕುಡಿಯಬಹುದು, ಅಲ್ವಾ?

ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ನಾವೂ ಹೀಗೇ ಅಂದುಕೊಂಡಿದ್ದೆವು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಉಳಿದ ದಿನ ಬೋರ್‌ವೆಲ್ ನೀರೇ ಗತಿ. ವಠಾರದಲ್ಲಿ ಒಬ್ಬ ಬಾಣಂತಿ ಇದ್ದಳು. ಎದೆಹಾಲು ಸಾಲದೆ, ಎರಡು ತಿಂಗಳ ಕೂಸಿಗೆ ಪುಡಿಹಾಲು ಕಲಸಿ ಕೊಡುತ್ತಿದ್ದಳು. ಅದೂ ಬೋರ್ ನೀರಿನಲ್ಲೇ. "ಕುದಿಸಿ ಆರಿಸಿ ಕೊಡ್ತೀವಲ್ಲಮ್ಮಾ, ಇನ್ನೇನು ಭಯ?" ಅಂದರು ಅವಳ ಅತ್ತೆ.

ಕುದಿಸಿದರೆ ರೋಗದ ಕ್ರಿಮಿ ಸಾಯುತ್ತದೆ. ಅದು ನಿಜ. ಆದರೆ ನೀರಲ್ಲಿ ಕರಗಿದ ಲವಣ ಹೋಗುವುದಿಲ್ಲ. ಸಾರು ಕುದಿದು ಬತ್ತಿದಷ್ಟೂ ಉಪ್ಪುಪ್ಪು ಆಗುತ್ತದಲ್ಲ? ಹಾಗೆಯೇ ಇದು.

ಲವಣ ಕರಗಿದಾಗ ಎರಡು ಬಗೆಯ ಕಣಗಳಾಗುತ್ತವೆ. ಟಾರ್ಚಿನ ಸೆಲ್ಲಿಗೆ ಕೂಡುವ ಗುರುತು, ಕಳೆಯುವ ಗುರುತು ಇರುತ್ತವೆ. ಈ ಕಣಗಳಿಗೂ ಹಾಗೆಯೇ. ಕಳೆಯುವ ಗುರುತಿನ ಕಣಕ್ಕೆ 'ಋಣ ಅಯಾನು' ಎನ್ನುತ್ತಾರೆ. ಫಾಸ್ಫೇಟ್, ನೈಟ್ರೇಟ್, ಫ್ಲೋರೈಡ್ ಈ ಜಾತಿಯವು. ಫ್ಲೋರೈಡ್ ಬರುವುದು ಬಂಡೆಯಿಂದ. ಪಾವಗಡದ ಕಡೆ ಆ ನೀರು ಕುಡಿದು ಹಲ್ಲು ಕಲೆಯಾದವರು, ಮೂಳೆ ಬಾಗಿದವರು ಇದ್ದಾರೆ. ನೈಟ್ರೇಟ್ ಬರುವುದು ಗೊಬ್ಬರದಿಂದ, ಮಲಮೂತ್ರದಿಂದ. ಒಳಚರಂಡಿ ಪೈಪು ಒಡೆದರೆ ನೆಲಕ್ಕಿಳಿದು ಬೋರ್ ಸೇರುತ್ತದೆ.

ಫಾಸ್ಫೇಟ್ ಕೊಳಚೆಯಲ್ಲೂ ಇದೆ, ಕೆಲವು ಸೋಪಿನ ಪುಡಿಗಳಲ್ಲೂ ಇದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಎನ್ನುವ ವೃಷಭಾವತಿ ಇದನ್ನೆಲ್ಲ ಹೊತ್ತು ಬಿಡದಿ ಹತ್ತಿರದ ಬೈರಮಂಗಲದ ಕೆರೆಗೆ ಹೋಗುತ್ತಾಳೆ. ಕೆರೆಯಲ್ಲಿ ಫಾಸ್ಫೇಟ್ ಪಾಚಿಗೆ, ಕಳೆಗೆ ಗೊಬ್ಬರವಾಗುತ್ತದೆ. ಪಾಪ, ಮೀನಿಗೆ ಉಸಿರಿಲ್ಲ.

ಕಣ್ಣಿಗೆ ಕಾಣದ್ದನ್ನು ಹಿಡಿಯುವುದು ಹೇಗೆ? ಕಡಲೆಕಾಯಿ ಪರಿಷೆಯ ಜಂಗುಳಿಯಲ್ಲಿ ಸಾವಿರ ಮಕ್ಕಳಿದ್ದರೂ ತಾಯಿ ತನ್ನ ಮಗುವಿನ ಕೈಯನ್ನೇ ಹಿಡಿಯುತ್ತಾಳೆ. ಅಂಥ ರಾಸಾಯನಿಕಗಳಿವೆ. ಬೇಕಾದ ಕಣವನ್ನು ಮಾತ್ರ ಹಿಡಿದು ಬಣ್ಣ ಬದಲಿಸುತ್ತವೆ. ಇವಕ್ಕೆ 'ಸಂವೇದಕ' ಎಂದು ಹೆಸರು. ಕೆಲವು ಬಣ್ಣದ ಬದಲು ಬೆಳಕು ಬೀರುತ್ತವೆ. ಫಾಸ್ಫೇಟನ್ನು ಹೀಗೆ ಹಿಡಿಯುವುದು ಸುಲಭವಲ್ಲ. ನೀರೇ ಅದನ್ನು ಸುತ್ತಿಕೊಂಡು ಬಿಡುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಇಂದಿಗೂ ಹೊಸ ಹೊಸ ಸಂವೇದಕ ಹುಡುಕುತ್ತಿದ್ದಾರೆ. ಹಳೆಯ ವಿಧಾನ ಒಂದಿದೆ. ಮಾಲಿಬ್ಡೇಟ್ ಎಂಬ ರಾಸಾಯನಿಕವನ್ನೂ ಇನ್ನೊಂದು ಔಷಧವನ್ನೂ ಹಾಕಿದರೆ, ಫಾಸ್ಫೇಟ್ ಇದ್ದ ನೀರು ನೀಲಿಯಾಗುತ್ತದೆ. ಹೆಚ್ಚಿದ್ದಷ್ಟೂ ಗಾಢ ನೀಲಿ.

ಕಾಲೇಜಿನ ಟೀಚರ್ ಒಬ್ಬರು ಪರೀಕ್ಷೆ ಪೆಟ್ಟಿಗೆ ತಂದರು. ನಾವು ಬೋರ್ ನೀರು ಕೊಟ್ಟೆವು. ಅಯ್ಯೋ, ಶಾಯಿಯಂತೆ ನೀಲಿ! ಎಲ್ಲರ ಎದೆ ಧಸಕ್ ಎಂದಿತು. ಟೀಚರ್ ಕೇಳಿದರು: "ಬಾಟಲಿ ಏನರಲ್ಲಿ ತೊಳೆದಿರಿ?" ಸೋಪಿನ ಪುಡಿಯಲ್ಲಿ! ನೀಲಿ ಬಂದದ್ದು ನಮ್ಮ ಪುಡಿಯಿಂದ. ಮತ್ತೆ ಹೊಸ ಬಾಟಲಿ ತಂದೆವು. ಅದೇ ಬೋರ್ ನೀರಲ್ಲಿ ಮೂರು ಸಲ ಗಲಬರಿಸಿ ತುಂಬಿದೆವು. ಈ ಸಲ ನೀಲಿ ಕಂಡೂ ಕಾಣದಷ್ಟು.

ಆದರೆ ನೈಟ್ರೇಟ್ ಪರೀಕ್ಷೆಯಲ್ಲಿ ನೀರು ಕಡು ಗುಲಾಬಿ ಆಯಿತು. ಟೀಚರ್ ಮುಖ ಗಂಭೀರವಾಯಿತು. ಆರು ತಿಂಗಳೊಳಗಿನ ಕೂಸಿನ ಹೊಟ್ಟೆಯಲ್ಲಿ ನೈಟ್ರೇಟ್ ರೂಪ ಬದಲಿಸಿ ರಕ್ತ ಸೇರುತ್ತದೆ. ಆಗ ರಕ್ತ ಪ್ರಾಣವಾಯುವನ್ನು ಸರಿಯಾಗಿ ಹೊರಲಾರದು. ತುಟಿ, ಉಗುರು ನೀಲಿಯಾಗುತ್ತವೆ. ಜೀವಕ್ಕೇ ಅಪಾಯ. ನಾವೆಲ್ಲ ಓಡಿ ಕೂಸಿನ ಉಗುರು ನೋಡಿದೆವು. ಕೆಂಪಗಿದ್ದವು, ಸದ್ಯ. ಆದರೂ ಅಂದೇ ಡಾಕ್ಟರಿಗೆ ತೋರಿಸಿದೆವು.

ಪೆಟ್ಟಿಗೆಯ ಪರೀಕ್ಷೆ ಅಂದಾಜು ಮಾತ್ರ. ಆದ್ದರಿಂದ ನೀರನ್ನು ಪ್ರಯೋಗಾಲಯಕ್ಕೂ ಕೊಟ್ಟೆವು. ಒಂದು ಲೀಟರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ನಿಯಮ. ವರದಿ ಬಂದಾಗ ಬಾಣಂತಿಯೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಅಂಕಿ 45 ದಾಟಿತ್ತು.

ಈಗ ಕಾವೇರಿ ನೀರು ಬಂದ ದಿನ ಮೊದಲ ಬಿಂದಿಗೆ ಕೂಸಿಗೆ. ಅದನ್ನು ಅತ್ತೆಯೇ ಮುಚ್ಚಿ ಎತ್ತಿಡುತ್ತಾರೆ. ಬೋರ್ ನೀರು ಬಟ್ಟೆಗೆ, ಪಾತ್ರೆಗೆ.